ಪುಡಿ ಬದಲಿಸುವ ಮೊದಲು ನೀರನ್ನು ನೋಡಿ

ಪ್ರಶ್ನೆ: ನನ್ನ ತವರು ಗಂಗಾವತಿ. ಮದುವೆಯಾಗಿ ಸಂಡೂರು ತಾಲ್ಲೂಕಿಗೆ ಬಂದಿದ್ದೇನೆ. ಅಲ್ಲಿ ಕಾಲುವೆ ನೀರಲ್ಲಿ ಒಗೆದ ಬಟ್ಟೆ ಬೆಳ್ಳಗೆ ಇರುತ್ತಿತ್ತು. ಇಲ್ಲಿ ಬೋರ್ ನೀರು. ಬಿಳಿ ಬಟ್ಟೆ ಬೂದು ಬಣ್ಣಕ್ಕೆ ತಿರುಗಿದೆ, ಟವೆಲ್ ಮೈಗೆ ಚುಚ್ಚುತ್ತದೆ. ಯಜಮಾನರ ಕೆಲಸದ ಬಟ್ಟೆಯಲ್ಲಿನ ಅದಿರಿನ ಕೆಂಪು ಹೋಗುವುದೇ ಇಲ್ಲ. ಅತ್ತೆ ಕೊಟ್ಟ ಇಳಕಲ್ ಸೀರೆಯ ಸೆರಗಿನ ಬಣ್ಣ ಒಡಲಿಗೆ ಹತ್ತಿತು. ಮದುವೆಯ ರೇಷ್ಮೆ ಸೀರೆಯ ಜರಿ ಕಪ್ಪಾಗುತ್ತಿದೆ. ಪುಡಿ ಬದಲಿಸಿ ಬದಲಿಸಿ ಸಾಕಾಯಿತು. ಯಾವ ಪುಡಿ ತರಲಿ? ಎಲ್ಲ ಬಟ್ಟೆಗೂ ಒಂದೇ ಪುಡಿ ಸಾಕಾ?

ಉತ್ತರ: ಪುಡಿಯ ಮಾತು ಆಮೇಲೆ ಆಡೋಣ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ ನೋಡಿ. ಗಂಗಾವತಿಯಲ್ಲಿ ಕಾಲುವೆ ನೀರು, ಇಲ್ಲಿ ಬೋರ್ ನೀರು. ಬಟ್ಟೆ ಅದೇ, ಕೈ ಅದೇ, ಬದಲಾದದ್ದು ನೀರು. ಬಳ್ಳಾರಿಯಲ್ಲಿ ಬಟ್ಟೆ ಒಗೆಯುವ, ಡ್ರೈಕ್ಲೀನ್ ಮಾಡುವ ಕೆಲಸದಲ್ಲೇ ಇರುವವನು ನಾನು. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯಲ್ಲಿ ಬಟ್ಟೆ ಹಾಳಾಗುವುದು ಕೊಳೆಯಿಂದ ಕಡಿಮೆ. ಸವಳು ನೀರು, ಅಂದರೆ ಸುಣ್ಣದಂಥ ಅಂಶ ಜಾಸ್ತಿ ಇರುವ ಗಡಸು ನೀರು, ಅದಕ್ಕೆ ಸುರಿಯುವ ಅತಿಯಾದ ಪುಡಿ, ಮತ್ತೆ ಸುಡು ಬಿಸಿಲು, ಈ ಮೂರರಿಂದಲೇ ಜಾಸ್ತಿ.

ಮೊದಲು ನೀರನ್ನು ಪರೀಕ್ಷೆ ಮಾಡಿ. ಒಂದು ಖಾಲಿ ನೀರಿನ ಬಾಟಲಿ ತೊಳೆದುಕೊಂಡು ಅರ್ಧ ಬೋರ್ ನೀರು ತುಂಬಿ. ಅದಕ್ಕೆ ಮೈ ಸೋಪನ್ನು ಚಾಕುವಿನಿಂದ ಕೆರೆದು ಒಂದು ಚಿಟಿಕೆ ಹಾಕಿ. ಬಟ್ಟೆ ಪುಡಿ ಬೇಡ, ಅದು ಗಡಸು ನೀರಲ್ಲೂ ನೊರೆ ಕೊಟ್ಟು ಮೋಸ ಮಾಡುತ್ತದೆ. ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿ. ಮೇಲೆ ದಟ್ಟ ನೊರೆ ನಿಂತು ಕೆಳಗೆ ನೀರು ತಿಳಿಯಾಗಿದ್ದರೆ ಮೆದು ನೀರು. ನೊರೆ ಬಾರದೆ ನೀರು ಹಾಲಿನಂತೆ ಬೆಳ್ಳಗಾಗಿ, ಬಾಟಲಿಯ ಗೋಡೆಗೆ ಮೊಸರು ಒಡೆದ ಹಾಗೆ ಚೂರು ಚೂರು ಅಂಟಿಕೊಂಡರೆ ಗಡಸು ನೀರು. ತವರಿಗೆ ಹೋದಾಗ ಅಲ್ಲಿನ ಕಾಲುವೆ ನೀರಲ್ಲೂ ಇದನ್ನೇ ಮಾಡಿ ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಆ ಬಿಳಿ ಚೂರುಗಳು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಆದದ್ದು. ನೀರಲ್ಲಿ ಕರಗುವುದಿಲ್ಲ, ಅಲುಬಿದರೂ ಹೋಗುವುದಿಲ್ಲ, ನೂಲಿನ ಸಂದಿಯಲ್ಲಿ ಕೂತುಬಿಡುತ್ತದೆ. ಪುಡಿಯಲ್ಲಿ ಈ ಚೂರು ಕಾಣದಿದ್ದರೂ ಅದರಲ್ಲಿರುವ ಸೋಡಾ ನೀರಿನ ಸುಣ್ಣದ ಅಂಶವನ್ನು ಬಟ್ಟೆಯ ಮೇಲೆ ತೆಳ್ಳಗೆ ಕೂರಿಸುತ್ತದೆ. ಗೀಸರಿನ ರಾಡಿಗೆ ಕಟ್ಟುವ ಬಿಳಿ ಪದರ ಇದೆಯಲ್ಲ, ನಿಮ್ಮ ಟವೆಲ್ ಮೇಲೂ ಅದೇ ಕಟ್ಟುತ್ತಿದೆ. ಆ ಪದರಕ್ಕೆ ಧೂಳು ಹಿಡಿಯುತ್ತದೆ. ಬಟ್ಟೆ ಬೂದು ಆಯಿತೆಂದು ನೀವು ಇನ್ನೊಂದು ಚಮಚ ಪುಡಿ ಜಾಸ್ತಿ ಹಾಕುತ್ತೀರಿ, ಅದು ಪೂರ್ತಿ ತೊಳೆದು ಹೋಗದೆ ಅದೂ ಅಲ್ಲೇ ಉಳಿಯುತ್ತದೆ. ಹೀಗೆ ವಾರ ವಾರ ಏರುತ್ತಾ ಹೋಗುತ್ತದೆ.

ಈಗಾಗಲೇ ಬೂದು ಆಗಿರುವ ಬಿಳಿ ಹತ್ತಿ ಬಟ್ಟೆ, ಟವೆಲ್, ಹಾಸಿಗೆ ಹೊದಿಕೆಗೆ ಪುಡಿಯೇ ಇಲ್ಲದ ಒಂದು ಒಗೆತ ಬೇಕು. ಒಂದು ಬಕೆಟ್ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್, ಇಲ್ಲವಾದರೆ ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು ಎರಡು ಚಮಚ ಕರಗಿಸಿ, ಬಟ್ಟೆಯನ್ನು ಒಂದು ಗಂಟೆ ನೆನೆ ಹಾಕಿ ಅಲುಬಿ ತೆಗೆಯಿರಿ. ಹುಳಿಗೆ ಸುಣ್ಣ ಕರಗುತ್ತದೆ. ಒಂದೇ ಸಲಕ್ಕೆ ಆಗದಿದ್ದರೆ ಮುಂದಿನ ವಾರ ಮತ್ತೆ ಮಾಡಿ. ಒಂದು ಎಚ್ಚರಿಕೆ ಮಾತ್ರ ದಯವಿಟ್ಟು ಮರೆಯಬೇಡಿ. ವಿನೆಗರ್ ಆಗಲಿ ನಿಂಬೆ ಉಪ್ಪಾಗಲಿ, ಯಾವತ್ತೂ ಬ್ಲೀಚ್ ಇರುವ ಬಕೆಟ್ಟಿಗೆ ಬೀಳಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಮುಂದೆ ಬಿಳಿ ಹತ್ತಿ ಒಗೆಯುವಾಗ ಪುಡಿಗಿಂತ ಮೊದಲು ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ಬಿಡಿ. ಗಡಸುತನ ಒಂದಷ್ಟು ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿ ನೀರು ಬೇರೆ ಬಕೆಟ್ಟಿಗೆ ಬಗ್ಗಿಸಿಕೊಂಡು ಅದರಲ್ಲಿ ಪುಡಿ ಕಲಸಿ. ಆಗ ಈಗ ಹಾಕುವುದಕ್ಕಿಂತ ಕಡಿಮೆ ಪುಡಿಯೇ ಸಾಕಾಗುತ್ತದೆ. ಬಿಳಿ ಹತ್ತಿಗೆ ಬಿಸಿ ನೀರು ಬೇಕಾದರೂ ಹಾಕಿ, 60 ಡಿಗ್ರಿ ತಡೆಯುತ್ತದೆ. ಹತ್ತಿ ನೂಲು ಒದ್ದೆಯಾದಾಗ ಒಣಗಿದ್ದಕ್ಕಿಂತ ಗಟ್ಟಿಯಾಗುತ್ತದೆ, ಅದಕ್ಕೇ ಕಲ್ಲಿಗೆ ಬಡಿದರೂ ನಮ್ಮ ಹಿರಿಯರ ಧೋತರ ವರ್ಷಗಟ್ಟಲೆ ಬಾಳಿದ್ದು. ಟವೆಲ್ಲಿಗೆ ಕಂಡೀಷನರ್ ಹಾಕಬೇಡಿ, ಮೆತ್ತಗಾಗುತ್ತದೆ ನಿಜ, ಆದರೆ ನೀರು ಹೀರುವುದು ಕಡಿಮೆಯಾಗುತ್ತದೆ. ನೀಲಿಯೂ ಅಷ್ಟೇ, ಕೊಳೆ ತೆಗೆಯುವುದಿಲ್ಲ, ಹಳದಿಯನ್ನು ಕಣ್ಣಿಗೆ ಮರೆಸುತ್ತದೆ. ಬೇಕಿದ್ದರೆ ಎರಡು ಹನಿ, ನೀರಲ್ಲಿ ಚೆನ್ನಾಗಿ ಕಲಸಿದ ಮೇಲೆ.

ಇನ್ನೊಂದು ಮಾತು. ಮನೆಯಲ್ಲಿ ಆರ್‌ಓ ಫಿಲ್ಟರ್ ಇದ್ದರೆ ಅದರ ವೇಸ್ಟ್ ನೀರನ್ನು ಸುಮ್ನೆ ಚೆಲ್ಲಬಾರದೆಂದು ಬಹಳ ಜನ ಬಟ್ಟೆಗೆ ಬಳಸುತ್ತಾರೆ. ಆ ನೀರು ನಿಮ್ಮ ಬೋರ್ ನೀರಿಗಿಂತಲೂ ಗಡಸು, ಏಕೆಂದರೆ ಫಿಲ್ಟರ್ ಬೇರೆ ಮಾಡಿದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ನೆಲ ಒರೆಸಲು, ಪಾಯಿಖಾನೆಗೆ ಬಳಸಿ. ಬಟ್ಟೆಗೆ ಬೇಡ.

ಈಗ ಯಜಮಾನರ ಬಟ್ಟೆ. ಸಂಡೂರು, ತೋರಣಗಲ್ಲು ಕಡೆಯ ಮನೆಗಳಿಂದ ನನಗೆ ಜಾಸ್ತಿ ಬರುವ ಪ್ರಶ್ನೆ ಇದೇ. ಆ ಕೆಂಪು ಎಣ್ಣೆಯ ಕಲೆಯಂತಲ್ಲ, ಸಾರಿನ ಕಲೆಯಂತಲ್ಲ. ಅದು ಕಬ್ಬಿಣದ ಅದಿರಿನ ನುಣ್ಣನೆ ಪುಡಿ, ನೂಲಿನ ಎಳೆಗಳ ನಡುವೆ ಹೋಗಿ ಸಿಕ್ಕಿಕೊಂಡಿರುತ್ತದೆ. ಒದ್ದೆ ಮಾಡಿ ತಿಕ್ಕಿದರೆ ಕೆಸರಾಗಿ ಇನ್ನೂ ಒಳಗೆ ಇಳಿಯುತ್ತದೆ. ಹಾಗಾಗಿ ಮೊದಲ ಕೆಲಸ ಒಣಗಿದ್ದಾಗಲೇ ಆಗಬೇಕು. ಮನೆ ಹೊರಗೆ, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗಾಳಿ ಬೀಸುವ ಕಡೆ ಬೆನ್ನು ಹಾಕಿ ನಿಂತು ಅಂಗಿ ಪ್ಯಾಂಟು ಚೆನ್ನಾಗಿ ಕೊಡವಿ. ಜೇಬು ಹೊರಗೆ ತಿರುವಿ, ಹೊಲಿಗೆಯ ಗುಂಟ ಒಣ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಎಳೆಯಿರಿ. ಆಮೇಲೆ ಪುಡಿ ಇಲ್ಲದ ತಣ್ಣೀರಲ್ಲಿ ತಿಕ್ಕದೆ ಮೇಲೆ ಕೆಳಗೆ ಅದ್ದಿ ಅದ್ದಿ ಕೆಂಪು ನೀರು ಚೆಲ್ಲಿ. ನೀರು ತಿಳಿಯಾಗುವವರೆಗೆ ಹೀಗೆ ಮಾಡಿ. ಅಲ್ಲಿಗೆ ಬಹುಪಾಲು ಧೂಳು ಹೋಗಿರುತ್ತದೆ. ಪುಡಿ ಹಾಕುವುದು ಆಮೇಲೆ. ಈ ಬಟ್ಟೆಗಳನ್ನು ಮನೆಯ ಬೇರೆ ಬಟ್ಟೆ ಜೊತೆ ಮಷಿನ್ನಿಗೆ ಹಾಕಲೇಬೇಡಿ.

ಇಷ್ಟಾದ ಮೇಲೂ ಉಳಿದ ಕೆಂಪಿಗೆ ಬ್ಲೀಚ್ ಹಾಕುವವರೇ ಜಾಸ್ತಿ. ಅದು ತಪ್ಪು. ಬ್ಲೀಚ್ ಕಬ್ಬಿಣದ ಬಣ್ಣ ತೆಗೆಯುವುದಿಲ್ಲ. ಮೇಲಾಗಿ ಕಬ್ಬಿಣ ಇರುವ ಜಾಗದಲ್ಲಿ ಬ್ಲೀಚ್ ಹತ್ತಿಯನ್ನು ಇನ್ನೂ ಜೋರಾಗಿ ತಿನ್ನುತ್ತದೆ, ಕಲೆ ಇದ್ದ ಕಡೆಯೇ ಬಟ್ಟೆ ಜಾಳಾಗಿ ತೂತು ಬೀಳುತ್ತದೆ. ಕಬ್ಬಿಣಕ್ಕೆ ಬೇಕಾದದ್ದು ಹುಳಿ. ನಿಂಬೆ ರಸಕ್ಕೆ ಉಪ್ಪು ಕಲಸಿ ಕಲೆಯ ಮೇಲೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ, ಒಣಗಲು ಬಿಡಬೇಡಿ. ಬಣ್ಣದ ಬಟ್ಟೆಯಾದರೆ ಒಳ ಹೊಲಿಗೆಯ ಮೂಲೆಯಲ್ಲಿ ಮೊದಲು ಹಚ್ಚಿ ನೋಡಿ. ಆಕ್ಸಾಲಿಕ್ ಆಮ್ಲ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ನಾವು ಅಂಗಡಿಯಲ್ಲಿ ಬಳಸುತ್ತೇವೆ, ಆದರೆ ಅದು ವಿಷ. ಮಕ್ಕಳಿರುವ ಮನೆಯಲ್ಲಿ ತಂದಿಡಬೇಡಿ, ಅಂಥ ಬಟ್ಟೆ ಇದ್ದರೆ ಅಂಗಡಿಗೆ ಕೊಡಿ. ಹಳೆಯ ಕೆಂಪು ಪೂರ್ತಿ ಹೋಗದಿರಬಹುದು, ತಿಳಿಯಾಗುತ್ತದೆ. ಕೆಲಸದ ಬಟ್ಟೆಗೆ ಅಷ್ಟು ಸಾಕು ಅಂತ ನನ್ನ ಅಭಿಪ್ರಾಯ, ಬಟ್ಟೆಯ ಆಯಸ್ಸು ಮುಖ್ಯ.

ಇಳಕಲ್ ಸೀರೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅದು ಒಂದೇ ಬಟ್ಟೆಯಲ್ಲ. ಒಡಲು ಸಾಮಾನ್ಯವಾಗಿ ಹತ್ತಿ, ಸೆರಗು ಮತ್ತು ಅಂಚು ರೇಷ್ಮೆ ಅಥವಾ ಆರ್ಟ್ ಸಿಲ್ಕ್ ಅನ್ನುವ ಕೃತಕ ರೇಷ್ಮೆ. ಒಡಲಿನ ಹಾಸು ನೂಲಿಗೆ, ಅಂದರೆ ಉದ್ದಕ್ಕೆ ಓಡುವ ನೂಲಿಗೆ, ಸೆರಗಿನ ಹಾಸು ನೂಲನ್ನು ಕುಣಿಕೆ ಹಾಕಿ ಸೇರಿಸಿ ನೇಯುತ್ತಾರೆ, ಟೋಪ್ ತೆನಿ ಅಂತಾರೆ. ಅಂದರೆ ಹತ್ತಿಗೆ ಹೊಂದುವ ಬಿಸಿ ನೀರು, ಸೋಡಾ ಎಲ್ಲವೂ ಸೆರಗಿನ ರೇಷ್ಮೆಗೆ ಕೆಡುಕು. ರೇಷ್ಮೆ, ಉಣ್ಣೆ ಎರಡೂ ಪ್ರಾಣಿಯಿಂದ ಬಂದ ನೂಲು, ಪ್ರೋಟೀನ್. ಸೋಡಾದಂಥ ಕ್ಷಾರ ಅವನ್ನು ಸವೆಸುತ್ತದೆ. ಎಂಜೈಮ್ ಇರುವ ಪುಡಿಗಳು ರಕ್ತ, ಹಾಲು, ಮೊಟ್ಟೆಯಂಥ ಪ್ರೋಟೀನ್ ಕಲೆಯನ್ನು ಒಡೆಯಲೆಂದೇ ಮಾಡಿದಂಥವು, ಅವು ರೇಷ್ಮೆ ನೂಲನ್ನೂ ಬಿಡುವುದಿಲ್ಲ. ಎಲ್ಲ ಬಟ್ಟೆಗೂ ಒಂದೇ ಪುಡಿ ಸಾಕಾ ಅಂತ ಕೇಳಿದ್ದೀರಲ್ಲ, ಸಾಲದು. ಹತ್ತಿ, ಪಾಲಿಯೆಸ್ಟರ್, ಜೀನ್ಸಿಗೆ ನಿಮ್ಮ ಮನೆಯ ಯಾವ ಪುಡಿಯಾದರೂ ನಡೆಯುತ್ತದೆ. ರೇಷ್ಮೆ ಉಣ್ಣೆಗೆ ಸೌಮ್ಯ ಲಿಕ್ವಿಡ್ ಅಥವಾ ಅಂಟುವಾಳ ಕಾಯಿ ನೆನೆಸಿ ಹಿಂಡಿದ ನೀರು, ಎರಡರಲ್ಲಿ ಒಂದು.

ನಿಮ್ಮದು ನಿಜವಾದ ರೇಷ್ಮೆಯೋ ಆರ್ಟ್ ಸಿಲ್ಕೋ ಗೊತ್ತಿಲ್ಲದಿದ್ದರೆ ಸೆರಗಿನ ಕುಚ್ಚಿನಿಂದ ಒಂದೇ ಎಳೆ ಕಿತ್ತು, ಸೀರೆಯಿಂದ ದೂರ ಹೋಗಿ, ಚಿಮಟದಲ್ಲಿ ಹಿಡಿದು ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ರೇಯಾನ್, ಅದನ್ನೇ ಆರ್ಟ್ ಸಿಲ್ಕ್ ಅಂತ ಮಾರುವುದು. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ರೇಯಾನ್ ಹತ್ತಿಗೆ ತದ್ವಿರುದ್ಧ. ಒದ್ದೆಯಾದರೆ ಅದರ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒದ್ದೆ ರೇಯಾನನ್ನು ಹಿಂಡುವುದು, ಒಂದೇ ತುದಿ ಹಿಡಿದು ಎತ್ತುವುದು ಮಾಡಬೇಡಿ.

ಬಣ್ಣ ಬಿಡುತ್ತದೋ ಇಲ್ಲವೋ ನೋಡಲು ಬಿಳಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ ಸೆರಗಿನ ಮೂಲೆಗೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಕೆಂಪು ಹತ್ತಿದರೆ ಆ ಸೀರೆ ನೆನೆ ಹಾಕುವ ಹಾಗಿಲ್ಲ. ಉಪ್ಪು ನೀರಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆಂದು ಎಲ್ಲರೂ ಹೇಳುತ್ತಾರೆ. ಬಣ್ಣ ಹಾಕುವಾಗ ಉಪ್ಪಿಗೆ ಕೆಲಸ ಇದೆ, ಬಣ್ಣ ಹಾಕಿ ಮುಗಿದ ಸೀರೆಯಲ್ಲಿ ಅದನ್ನು ನಂಬಬೇಡಿ. ಸೆರಗನ್ನು ಬೇರೆ ಟಬ್ಬಿನಲ್ಲಿ, ಒಡಲನ್ನು ಬೇರೆ ಟಬ್ಬಿನಲ್ಲಿ ಇಟ್ಟು ತಣ್ಣೀರಲ್ಲಿ ಚಕಚಕ ಒಗೆದು ಮುಗಿಸಿ. ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ನಿಜ ಹೇಳಬೇಕೆಂದರೆ ಬಣ್ಣ ಹತ್ತುವುದು ಒಗೆಯುವಾಗ ಕಡಿಮೆ, ಒಗೆದ ಮೇಲೆ ಮಡಿಚಿ ಬಕೆಟ್ಟಿನಲ್ಲಿ ಇಟ್ಟು ಬೇರೆ ಕೆಲಸಕ್ಕೆ ಹೋದಾಗ ಜಾಸ್ತಿ. ಒಣಹಾಕುವಾಗಲೂ ಸೆರಗು ಒಡಲಿಗೆ ತಾಗದ ಹಾಗೆ ಎರಡು ಹಗ್ಗಕ್ಕೆ ಹರಡಿ.

ಬಣ್ಣ ಹತ್ತಿಬಿಟ್ಟರೆ? ಒಣಗುವ ಮೊದಲೇ ಓಡಿ. ಒದ್ದೆ ಇರುವಾಗ ಹತ್ತಿದ ಬಣ್ಣ ಇನ್ನೂ ಸಡಿಲ ಇರುತ್ತದೆ. ಜಾಸ್ತಿ ತಣ್ಣೀರಿಗೆ ಸೌಮ್ಯ ಲಿಕ್ವಿಡ್ ಹಾಕಿ ಹತ್ತಿದ ಜಾಗವನ್ನಷ್ಟೇ ಮತ್ತೆ ಮತ್ತೆ ಅಲುಬಿ. ಒಣಗಿ, ಇಸ್ತ್ರಿಯೂ ಆಗಿದ್ದರೆ ಮನೆಯಲ್ಲಿ ಏನೂ ಮಾಡಬೇಡಿ. ನಿಮ್ಮ ಸೀರೆ ಈಗ ಆ ಹಂತದಲ್ಲಿದೆ ಅನ್ನಿಸುತ್ತದೆ, ಇಳಕಲ್ ಸೀರೆ ನೋಡಿ ಗೊತ್ತಿರುವ ಡ್ರೈಕ್ಲೀನರ್ ಕೈಗೆ ಕೊಡಿ, ಹತ್ತಿದ ಬಣ್ಣ ತೆಗೆಯಬೇಕೆಂದು ಬಾಯಿಬಿಟ್ಟು ಹೇಳಿ. ಸುಮ್ನೆ ಕೊಟ್ಟರೆ ಮಾಮೂಲಿ ಡ್ರೈಕ್ಲೀನ್ ಮಾಡಿ ಕೊಡುತ್ತಾರೆ, ಅದರಿಂದ ಆ ಕಲೆ ಹೋಗುವುದಿಲ್ಲ.

ಜರಿ ಇರುವ ಮದುವೆ ಸೀರೆಯನ್ನು ಮನೆಯಲ್ಲಿ ಒಗೆಯಬೇಡಿ. ಜರಿಯಲ್ಲಿ ಬೆಳ್ಳಿ ಇರುತ್ತದೆ, ಇಲ್ಲವೆ ತಾಮ್ರ ಇರುತ್ತದೆ, ಇಲ್ಲವೆ ಬರೀ ಪ್ಲಾಸ್ಟಿಕ್ ಎಳೆ. ಪ್ಲಾಸ್ಟಿಕ್ ಕಪ್ಪಾಗುವುದಿಲ್ಲ, ನಿಮ್ಮದು ಕಪ್ಪಾಗುತ್ತಿದೆ ಅಂದರೆ ಲೋಹದ ಜರಿ. ಬೆವರು, ಸೆಂಟು, ಗಾಳಿಯಲ್ಲಿರುವ ಗಂಧಕದ ಅಂಶ ಇವೆಲ್ಲ ಲೋಹಕ್ಕೆ ಹತ್ತುತ್ತವೆ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚುವವರು ಜರಿಗೂ ಹಚ್ಚಿ ನೋಡುತ್ತಾರೆ, ಆ ಹುಳಿ ಕೆಳಗಿನ ರೇಷ್ಮೆಯ ಬಣ್ಣ ಕೆಡಿಸುತ್ತದೆ, ಮೇಲಿನ ಚಿನ್ನದ ಲೇಪವನ್ನೂ ಉಳಿಸುವುದಿಲ್ಲ. ಕಪ್ಪು ಶುರುವಾಗಿದ್ದರೆ ಪಾಲಿಶ್ ಮಾಡುವವರಿಗೆ ತೋರಿಸಿ. ಉಟ್ಟ ದಿನ ಮಡಿಚಿ ಇಡುವುದನ್ನು ಮಾತ್ರ ನಿಲ್ಲಿಸಿ. ಮನೆ ಒಳಗೆ ಗಾಳಿಯಾಡುವ ಕಡೆ ರಾತ್ರಿಯಿಡೀ ಹರಡಿ, ಬೆವರು ಆರಿದ ಮೇಲೆ ಮಡಿಚಿ. ಜರಿ ಇಲ್ಲದ ಹಗುರ ರೇಷ್ಮೆಯನ್ನು ಮನೆಯಲ್ಲೇ ಒಗೆಯಬಹುದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಒಂದು ಕ್ಯಾನ್ ತನ್ನಿ, ಒಗೆಯಲು ಅರ್ಧ, ಅಲುಬಲು ಅರ್ಧ. ಮಳೆ ಬಂದಾಗ ಹಿಡಿದಿಟ್ಟ ನೀರು ಇದ್ದರೆ ಇನ್ನೂ ಒಳ್ಳೆಯದು, ಅದಕ್ಕಿಂತ ಮೆದು ನೀರು ಇಲ್ಲ. ಕೊನೆಯ ಅಲುಬಿನ ನೀರಿಗೆ ಒಂದು ಚಮಚ ವಿನೆಗರ್ ಹಾಕಿದರೆ ಹೊಳಪು ಬರುತ್ತದೆ.

ಇನ್ನು ಬಿಸಿಲು. ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಗಾಳಿಯೂ ಒಣ. ಮಲೆನಾಡಿನವರು ಬಿಸಿಲಿಗೆ ಕಾಯಬೇಕು, ನಾವು ಕಾಯಬೇಕಿಲ್ಲ. ನೆರಳಲ್ಲಿ ಹಾಕಿದ ತೆಳು ಸೀರೆ ಅಡುಗೆ ಮುಗಿಯುವುದರೊಳಗೆ ಒಣಗಿರುತ್ತದೆ, ಅಲ್ವಾ? ಆದರೂ ಅಭ್ಯಾಸಬಲದಿಂದ ಎಲ್ಲವನ್ನೂ ಮಾಳಿಗೆ ಮೇಲೆ ಹಾಕಿ ಸಂಜೆವರೆಗೆ ಬಿಡುತ್ತೇವೆ. ಬಟ್ಟೆ ಒಣಗಿದ ಮೇಲೂ ಬಿಸಿಲು ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಬಣ್ಣ ಸುಡುತ್ತದೆ, ರೇಷ್ಮೆ ಮತ್ತು ನೈಲಾನ್ ನೂಲನ್ನು ಪುಡುಪುಡಿ ಮಾಡುತ್ತದೆ. ಬಿಳಿ ಹತ್ತಿ, ಟವೆಲ್, ಹಾಸಿಗೆ ಬಟ್ಟೆ, ಕೌದಿ, ಮಗುವಿನ ಲಂಗೋಟಿ ಇವಕ್ಕಷ್ಟೇ ನೇರ ಬಿಸಿಲು. ಬಣ್ಣದ ಹತ್ತಿಯನ್ನು ತಿರುವಿ ಹಾಕಿ ಬೇಗ ತೆಗೆಯಿರಿ. ಉಳಿದದ್ದೆಲ್ಲ ನೆರಳು. ನಿಮ್ಮ ಕಡೆ ಅದಿರಿನ ಲಾರಿ ಓಡಾಡುವ ರಸ್ತೆ ಹತ್ತಿರವಿದ್ದರೆ ಒದ್ದೆ ಬಟ್ಟೆ ಹೊರಗೆ ಹಾಕುವುದೇ ಬೇಡ, ಒದ್ದೆಗೆ ಧೂಳು ಬೇಗ ಹಿಡಿಯುತ್ತದೆ. ಒಳಗೆ ಫ್ಯಾನ್ ಕೆಳಗೆ ಹಾಕಿ.

ಜೀನ್ಸ್ ಬಗ್ಗೆ ನೀವು ಕೇಳಿಲ್ಲ. ಆದರೆ ಜೀನ್ಸ್ ಹೊಲಿಯುವ ಊರಿನವನಾಗಿ ಎರಡು ಮಾತು ಹೇಳದೆ ಇರಲಾರೆ. ಹಳೆಯ ಜೀನ್ಸಿನ ಅಂಚಿನಿಂದ ಒಂದು ನೀಲಿ ಎಳೆ ಕಿತ್ತು ಉಗುರಿನಿಂದ ಹುರಿ ಬಿಚ್ಚಿ ನೋಡಿ. ಹೊರಗೆ ನೀಲಿ, ಒಳಗೆ ಬಿಳಿ. ಇಂಡಿಗೊ ಬಣ್ಣ ನೂಲಿನ ಮೇಲ್ಮೈಯಲ್ಲೇ ನಿಲ್ಲುತ್ತದೆ, ಒಳಗೆ ಹೋಗುವುದಿಲ್ಲ. ಅದಕ್ಕೇ ತಿಕ್ಕಿದಲ್ಲೆಲ್ಲ ಬೆಳ್ಳಗಾಗುವುದು. ತಿರುವಿ, ತಣ್ಣೀರಲ್ಲಿ, ಬ್ರಷ್ ಇಲ್ಲದೆ ಒಗೆಯಿರಿ, ಪ್ರತಿ ಸಲ ಹಾಕಿದಾಗಲೂ ಒಗೆಯುವ ಅಗತ್ಯ ಇಲ್ಲ. ಎಳೆದರೆ ಹಿಗ್ಗುವ ಜೀನ್ಸಿಗೆ ಬಿಸಿ ನೀರು ಹಾಕಿದರೆ ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ. ಪಾಲಿಯೆಸ್ಟರ್ ಯೂನಿಫಾರಂಗೂ ತಣ್ಣೀರೇ ಇರಲಿ, ಬಿಸಿ ನೀರಲ್ಲಿ ಬಿದ್ದ ಸುಕ್ಕು ಇಸ್ತ್ರಿಗೂ ಜಗ್ಗುವುದಿಲ್ಲ.

ಎತ್ತಿಡುವುದು ಹೇಗೆ ಅಂತಲೂ ಹೇಳಿಬಿಡುತ್ತೇನೆ. ರೇಷ್ಮೆ ಸೀರೆಯನ್ನು ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲೇ ಬೀರುವಿನಲ್ಲಿ ಇಟ್ಟಿದ್ದರೆ ಇವತ್ತೇ ತೆಗೆಯಿರಿ, ಒಳಗಿನ ತೇವ ಹೊರಗೆ ಹೋಗದೆ ಜರಿ ಕೆಡುತ್ತದೆ. ಚೆನ್ನಾಗಿ ಒಗೆದ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡಿ. ನ್ಯೂಸ್ ಪೇಪರ್ ಬೇಡ, ಮಸಿ ಹತ್ತುತ್ತದೆ. ಮೂರು ತಿಂಗಳಿಗೊಮ್ಮೆ ತೆಗೆದು ಹಳೆಯ ಮಡಿಕೆ ಬಿಟ್ಟು ಬೇರೆ ಕಡೆ ಮಡಿಚಿ, ಇಲ್ಲವಾದರೆ ಮಡಿಕೆಯಲ್ಲೇ ಸೀಳುತ್ತದೆ. ಗಂಜಿ ಹಾಕಿದ ಹತ್ತಿ ಬಟ್ಟೆಯನ್ನು ದೀರ್ಘಕಾಲ ಎತ್ತಿಡಬೇಡಿ, ಗಂಜಿ ತಿನ್ನಲು ಬೆಳ್ಳಿ ಹುಳ ಬರುತ್ತದೆ, ಗಂಜಿ ಜೊತೆ ಬಟ್ಟೆಯನ್ನೂ ತಿನ್ನುತ್ತದೆ. ಉಡುವಾಗ ಗಂಜಿ ಹಾಕಿಕೊಂಡರಾಯಿತು.

ಮನೆಯಲ್ಲಿ ಕುರುಬರ ಕಂಬಳಿ ಇದ್ದರೆ ಅದನ್ನು ನೀರಿಗೆ ಹಾಕದಿದ್ದಷ್ಟು ಒಳ್ಳೆಯದು. ಅದಕ್ಕೆ ಹುಣಸೆ ಬೀಜದ ಗಂಜಿ ಕೊಟ್ಟು ಬಿಗಿ ಮಾಡಿರುತ್ತಾರೆ, ಒಗೆದರೆ ಆ ಬಿಗಿ ಹೋಗುತ್ತದೆ, ಬಿಸಿ ನೀರಲ್ಲಿ ತಿಕ್ಕಿದರಂತೂ ಉಣ್ಣೆ ಒಂದಕ್ಕೊಂದು ಹೆಣೆದುಕೊಂಡು ಕುಗ್ಗಿಬಿಡುತ್ತದೆ, ಮತ್ತೆ ಸರಿಯಾಗುವುದಿಲ್ಲ. ಕೊಡವಿ, ಬ್ರಷ್ ಮಾಡಿ, ಆಗಾಗ ಒಂದೆರಡು ಗಂಟೆ ಬಿಸಿಲಿಗೆ ಹಾಕಿ ಸಾಕು. ಉಣ್ಣೆ ತಿನ್ನುವುದು ನುಸಿಯ ಮರಿಹುಳ, ಅದಕ್ಕೆ ಕತ್ತಲು ಬೇಕು, ಬೆವರು ಹತ್ತಿದ ಜಾಗ ಇನ್ನೂ ಇಷ್ಟ. ಒಣಗಿದ ಬೇವಿನ ಎಲೆಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಟ್ರಂಕಿನ ಮೂಲೆಗೆ ಇಡಬಹುದು, ಹಸಿ ಎಲೆ ಬೇಡ, ಕಲೆ ಬೀಳುತ್ತದೆ. ನುಸಿ ಗುಳಿಗೆ ಇಡುವುದಾದರೆ ಜರಿಗೆ ರೇಷ್ಮೆಗೆ ತಾಗದ ಹಾಗೆ ಬಟ್ಟೆಯಲ್ಲಿ ಕಟ್ಟಿ ಇಡಿ. ಮತ್ತೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನುಸಿ ಗುಳಿಗೆ ಇಟ್ಟ ಟ್ರಂಕಿನಿಂದ ತೆಗೆದ ಬಟ್ಟೆಯನ್ನು, ಕುಲಾಯಿಯನ್ನು, ಕೌದಿಯನ್ನು ಹಾಗೇ ಎಳೆ ಕೂಸಿಗೆ ಹೊದಿಸಬೇಡಿ. ಆ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಕೆಲವು ಕೂಸುಗಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ, ಕಾಮಾಲೆ ಏರುತ್ತದೆ. ಬಾಣಂತನದ ಬಟ್ಟೆ ಬೇರೆಯೇ ಇಡಿ, ಅದರಲ್ಲಿ ಗುಳಿಗೆ ಹಾಕಲೇಬೇಡಿ.

ಈ ವಾರ ಶುರು ಮಾಡುವುದಾದರೆ ಮೊದಲು ಬಾಟಲಿ ಪರೀಕ್ಷೆ, ಆಮೇಲೆ ಟವೆಲ್‌ಗಳನ್ನು ವಿನೆಗರ್ ನೀರಲ್ಲಿ ನೆನೆ ಹಾಕುವುದು. ಮನೆಯಲ್ಲಿ ಈಗಿರುವ ಪುಡಿ ಮುಗಿಯುವವರೆಗೆ ಅದನ್ನೇ ಬಳಸಿ, ಅಳತೆ ಮಾತ್ರ ಕಡಿಮೆ ಮಾಡಿ.